ಗಾಳಿ ತಿರುಗುವ ಹೊತ್ತಿಗೆ ಬೆಟ್ಟದ ತುದಿಯಲ್ಲಿ

ಯುಗಾದಿ ಮುಗಿಯಿತು ಅಂದರೆ ನಮ್ಮ ಕರಾವಳಿಯಲ್ಲಿ ಸೆಕೆ ಬಿಟ್ಟು ಬೇರೆ ಮಾತೇ ಇಲ್ಲ. ಫ್ಯಾನ್ ಕೆಳಗೆ ಕೂತರೂ ಬೆವರು, ಮಿಂದು ಬಂದರೂ ಬೆವರು. 33 ಡಿಗ್ರಿ ಅಂದರೆ ಬಯಲುಸೀಮೆಯ ಸ್ನೇಹಿತರು "ಅಷ್ಟೇನಾ?" ಅಂತ ನಗುತ್ತಾರೆ. ಬಂದು ಒಂದು ದಿನ ಇದ್ದು ನೋಡಲಿ. ಗಾಳಿಯಲ್ಲಿ ಇಷ್ಟು ತೇವ ಇದ್ದರೆ ಬೆವರು ಆರುವುದೇ ಇಲ್ಲ.

ಅದಕ್ಕೇ ಬೆಳಿಗ್ಗೆ ಎಂಟಕ್ಕೆಲ್ಲ ಗೋಕರ್ಣದ ಕುಡ್ಲೆಗೂ ಓಂ ಬೀಚಿಗೂ ನಡುವೆ ಇರುವ ಬೆಟ್ಟದ ತುದಿಗೆ ಹೋಗಿ ಸುಮ್ನೆ ಕೂರುತ್ತೇನೆ. ಎಲ್ಲರೂ ಬರುವುದು ಸಂಜೆ, ಸೂರ್ಯ ಮುಳುಗುವ ಫೋಟೋ ತೆಗೆಯಲಿಕ್ಕೆ. ಈ ದಿನಗಳಲ್ಲಿ ದೂರದಲ್ಲಿ ಬರೀ ಮಬ್ಬು, ಎಷ್ಟೋ ಸಲ ಸೂರ್ಯ ನೀರು ಮುಟ್ಟುವ ಮೊದಲೇ ಅದರೊಳಗೆ ಕರಗಿ ಹೋಗಿರುತ್ತಾನೆ. ನನ್ನ ಕೇಳಿದರೆ, ಬೇಸಿಗೆಯಲ್ಲಿ ಅಲ್ಲಿ ನೋಡಬೇಕಾದ್ದು ಗಾಳಿ ತಿರುಗುವುದನ್ನು.

ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಸಮುದ್ರಕ್ಕೆ ಆ ಅವಸರ ಇಲ್ಲ. ಹಾಗಾಗಿ ಬೆಳಗಿನ ಗಾಳಿ ಬೆನ್ನ ಹಿಂದಿನಿಂದ, ಘಟ್ಟದ ಕಡೆಯಿಂದ ಬರುತ್ತದೆ, ಮೆಲ್ಲಗೆ, ಗೇರುಹಣ್ಣಿನ ಆ ಹುಳಿಹುಳಿ ವಾಸನೆ ಹೊತ್ತುಕೊಂಡು. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಇದೇ ಗಾಳಿ ಹಿಡಿದು ನಸುಕಿನಲ್ಲಿ ಹೊರಡುತ್ತಿದ್ದರು, ಮಧ್ಯಾಹ್ನ ಕಡಲ ಗಾಳಿಗೆ ಹಾಯಿ ಕೊಟ್ಟು ದಡಕ್ಕೆ ಬರುತ್ತಿದ್ದರು.

ಬಿಸಿಲು ಏರಿದ ಹಾಗೆ ಈ ಗಾಳಿ ನಿಂತೇ ಹೋಗುತ್ತದೆ. ಒಂದು ಎಲೆ ಅಲ್ಲಾಡುವುದಿಲ್ಲ. ಒಣಗಿದ ಕರಡದ ಹುಲ್ಲು ನೆಟ್ಟಗೆ ನಿಂತಿರುತ್ತದೆ, ಚಿರೆಕಲ್ಲಿನ ನೆಲ ಚಪ್ಪಲಿ ದಾಟಿ ಬಿಸಿ ತಾಗಿಸುತ್ತದೆ. ಎದ್ದು ಹೋಗೋಣ ಅನಿಸುವುದು ಆಗಲೇ, ಆದರೆ ಹೋಗಬಾರದು. ನಾನು ಹತ್ತಿರದ ಗೇರು ಗಿಡದಲ್ಲಿ ಚಗಳಿ, ಅಂದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆಗಳನ್ನು ನೋಡುತ್ತ ಕೂರುತ್ತೇನೆ. ಗಾಳಿ ಇಲ್ಲದಾಗ ಅವುಗಳ ಕೆಲಸ ಚೆನ್ನಾಗಿ ಕಾಣುತ್ತದೆ. ಒಂದು ಸಾಲು ಎರಡು ಎಲೆಗಳ ಅಂಚನ್ನು ಕಾಲಲ್ಲಿ, ಬಾಯಲ್ಲಿ ಎಳೆದು ಹಿಡಿದಿರುತ್ತದೆ, ಇನ್ನೊಂದಿಷ್ಟು ಇರುವೆಗಳು ಬಿಳಿ ಮರಿಹುಳುಗಳನ್ನು ಕಚ್ಚಿಕೊಂಡು ಬಂದು ಆಚೆ ಈಚೆ ಮುಟ್ಟಿಸುತ್ತ ಹೋಗುತ್ತವೆ. ಆ ಹುಳು ಬಿಡುವ ನೂಲಿನಿಂದಲೇ ಎಲೆಗಳು ಅಂಟಿಕೊಳ್ಳುವುದು. ಗೂಡು ಕಟ್ಟುವುದು ದೊಡ್ಡವರು, ನೂಲು ಮಾತ್ರ ಮಕ್ಕಳದ್ದು! ಜಾಸ್ತಿ ಹತ್ತಿರ ಮುಖ ಒಯ್ಯಬೇಡಿ, ಕಚ್ಚಿದರೆ ಉರಿ ಬೇಗ ಹೋಗುವುದಿಲ್ಲ.

ಹನ್ನೊಂದರ ಆಸುಪಾಸು, ಕೆಲವು ದಿನ ಇನ್ನೂ ತಡವಾಗಿ, ದೂರದ ನೀರಿನ ಮೇಲೆ ಒಂದು ಕಪ್ಪು ಪಟ್ಟೆ ಕಾಣುತ್ತದೆ. ನೆರಳಲ್ಲ ಅದು, ಗಾಳಿಗೆ ಸಣ್ಣಗೆ ಕದಡಿದ ನೀರು. ಅದು ದಡದ ಕಡೆ ಸರಿಯುತ್ತ ಬರುವಾಗ ಕಾಯುವುದೇ ಒಂದು ಮಜಾ. ಮೊದಲು ಬುಡದ ಪೊದೆ, ಆಮೇಲೆ ಕರಡ, ಆಮೇಲೆ ನಮ್ಮ ಅಂಗಿ. ಅಷ್ಟು ಹೊತ್ತು ಮರದ ಮೇಲೆ ಕೂತಿದ್ದ ಗರುಡ ಎದ್ದು ತುದಿಯಿಂದ ಹೊರಗೆ ಜಾರುತ್ತದೆ. ಕಡಲ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದಲ್ವಾ, ಅದರ ಮೇಲೇ ಅದರ ಸವಾರಿ, ರೆಕ್ಕೆ ಬಡಿಯುವ ಕಷ್ಟವೇ ಇಲ್ಲ. ಕೆಲವೊಮ್ಮೆ ನಮಗಿಂತ ಕೆಳಗೇ ಹಾರುತ್ತದೆ, ಆಗ ಅದರ ಕಂದು ಬೆನ್ನು ಕಾಣುತ್ತದೆ.

ಮೇಲೆ ನೆರಳು ಕಡಿಮೆ, ನೀರಿನ ಬಾಟಲಿ ತನ್ನಿ, ಖಾಲಿ ಬಾಟಲಿ ವಾಪಸ್ ಒಯ್ಯಿರಿ. ಮುಳ್ಳುಪೊದೆಯಲ್ಲಿ ಬಿಡುವ ಕಾಡುಹಣ್ಣು ಕವಳಿ ಈಗಿನ್ನೂ ಕಾಯಿ, ಕೊಯ್ದರೆ ಕೈಗೆಲ್ಲ ಹಾಲಿನ ಅಂಟು. ಉಪ್ಪಿನಕಾಯಿಗೆ ಬೇಕಾದವರು ಈಗಲೇ ಬನ್ನಿ, ಹಣ್ಣು ತಿನ್ನುವವರು ಮೇ ತನಕ ಕಾಯಿರಿ.