ಮುಚ್ಚಿಟ್ಟ ಲ್ಯಾಪ್‌ಟಾಪ್‌ನ ಕೋಳಿನಿದ್ದೆ

ರಾತ್ರಿ ಶೇ. 80 ಚಾರ್ಜ್ ಇದ್ದಾಗ ಮುಚ್ಚಳ ಹಾಕಿಟ್ಟ ಲ್ಯಾಪ್‌ಟಾಪ್ ಬೆಳಿಗ್ಗೆ ತೆರೆದರೆ ಶೇ. 30. ಇಲ್ಲವೇ ಬ್ಯಾಗಿನಿಂದ ತೆಗೆದಾಗ ಇಸ್ತ್ರಿಪೆಟ್ಟಿಗೆಯಂತೆ ಬಿಸಿ. ಲಿನಕ್ಸ್ ಹಾಕಿಕೊಂಡವರಲ್ಲಿ ಈ ದೂರು ಹೊಸದಲ್ಲ. ಪರಿಹಾರ ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಕರ್ನಲ್ ಪ್ಯಾರಾಮೀಟರ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಶುರುವಿನಲ್ಲೇ ಕೊಡುವ ಸೂಚನೆ) ಹೇಳುತ್ತಾರೆ. ಅದನ್ನು ಅಂಟಿಸುವ ಮೊದಲು ಒಂದು ವಿಷಯ ಗೊತ್ತಾಗಬೇಕು: ಯಂತ್ರ ನಿದ್ದೆಗೇ ಹೋಗಲಿಲ್ಲವೋ, ಹೋದದ್ದು ಬರೀ ಕೋಳಿನಿದ್ದೆಯೋ, ಇಲ್ಲ ಚೆನ್ನಾಗಿ ಮಲಗಿದ್ದನ್ನು ಯಾರೋ ಎಬ್ಬಿಸಿದರೋ? ಮೂರೂ ಬೇರೆ ಬೇರೆ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ, ಕೆಲವೊಮ್ಮೆ ಕೆಡಿಸುತ್ತದೆ ಕೂಡ.

(ಕಮಾಂಡು, ಕಡತದ ಹೆಸರುಗಳನ್ನೆಲ್ಲ ಇಲ್ಲಿ ಉಚ್ಚರಿಸಿದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. ಹ್ಯಾಂಡಲ್-ಲಿಡ್-ಸ್ವಿಚ್-ಡಾಕ್ಡ್‌ನಂಥ ಸೆಟ್ಟಿಂಗ್ ಹೆಸರುಗಳಲ್ಲಿ ಮಾತ್ರ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ನಡುವೆ ಗೆರೆ ಇರುವುದಿಲ್ಲ.)

ಮೊದಲು ಅಳತೆ. /ಸಿಸ್/ಕ್ಲಾಸ್/ಪವರ್_ಸಪ್ಲೈ/ಬ್ಯಾಟ್0 ಎಂಬಲ್ಲಿ ಎನರ್ಜಿ_ನೌ ಎಂಬ ಕಡತ ಇರುತ್ತದೆ (ಬ್ಯಾಟ್ ದೊಡ್ಡಕ್ಷರದಲ್ಲಿ, ಕೆಲವು ಯಂತ್ರಗಳಲ್ಲಿ ಬ್ಯಾಟ್1). ಅದರಲ್ಲಿರುವ ಸಂಖ್ಯೆ ಮೈಕ್ರೊವ್ಯಾಟ್-ಗಂಟೆಯದು, ಅಂದರೆ 50 ವ್ಯಾಟ್-ಗಂಟೆಯ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 5,00,00,000. ಎನರ್ಜಿ_ನೌ ಬದಲು ಚಾರ್ಜ್_ನೌ ಇದ್ದರೆ ಅದು ಮೈಕ್ರೊಆಂಪ್-ಗಂಟೆ, ವೋಲ್ಟೇಜಿನಿಂದ ಗುಣಿಸಿಕೊಳ್ಳಬೇಕು. ಮುಚ್ಚುವ ಮೊದಲು ಒಮ್ಮೆ, ತೆರೆದ ಮೇಲೆ ಒಮ್ಮೆ ಓದಿ, ವ್ಯತ್ಯಾಸವನ್ನು ಗಂಟೆಗಳಿಂದ ಭಾಗಿಸಿ. 8 ಗಂಟೆಯಲ್ಲಿ 4 ವ್ಯಾಟ್-ಗಂಟೆ ಹೋಗಿದ್ದರೆ ಸರಾಸರಿ ಅರ್ಧ ವ್ಯಾಟ್, 50ರ ಬ್ಯಾಟರಿಯಲ್ಲಿ ಗಂಟೆಗೆ ಶೇ. 1. ಅಷ್ಟಕ್ಕೆ ಚಿಂತೆ ಬೇಡ. 20 ವ್ಯಾಟ್-ಗಂಟೆ ಹೋಗಿದ್ದರೆ 2.5 ವ್ಯಾಟ್. ಅದು ನಿದ್ದೆಯಲ್ಲ, ಪರದೆ ಆರಿಸಿಕೊಂಡು ಸುಮ್ಮನೆ ಕೂತಿರುವುದು.

ಇನ್ನು ಕರ್ನಲ್‌ನ ದಿನಚರಿ. "ಜರ್ನಲ್‌ಸಿಟಿಎಲ್ -ಕೆ" ಕೊಟ್ಟು "ಪಿಎಂ: ಸಸ್ಪೆಂಡ್ ಎಂಟ್ರಿ", "ಪಿಎಂ: ಸಸ್ಪೆಂಡ್ ಎಕ್ಸಿಟ್" ಎಂಬ ಸಾಲುಗಳನ್ನು ಹುಡುಕಿ. ರಾತ್ರಿಯ ಕಥೆ ಪೂರ್ತಿ ಅಲ್ಲಿದೆ. ಎಂಟ್ರಿಯೇ ಇಲ್ಲದಿದ್ದರೆ ಮಲಗಿಲ್ಲ. ಎಂಟ್ರಿ-ಎಕ್ಸಿಟ್ ಜೋಡಿಗಳು ಸಾಲುಸಾಲಾಗಿದ್ದರೆ ಯಾರೋ ಎಬ್ಬಿಸುತ್ತಿದ್ದಾರೆ. ರಾತ್ರಿ ಒಂದು ಎಂಟ್ರಿ, ಬೆಳಿಗ್ಗೆ ಒಂದು ಎಕ್ಸಿಟ್, ಆದರೂ ಬ್ಯಾಟರಿ ಖಾಲಿ ಅಂದರೆ ಕೋಳಿನಿದ್ದೆ.

ಮಲಗದ ಯಂತ್ರದ ಕಥೆ ಸಣ್ಣದು. ಹೊರಗಿನ ಮಾನಿಟರ್ ಜೋಡಿಸಿದ್ದರೆ ಸಿಸ್ಟಮ್‌ಡಿಯ ಲಾಗಿನ್‌ಡಿ (ಮುಚ್ಚಳ, ಪವರ್ ಬಟನ್ ನೋಡಿಕೊಳ್ಳುವ ಹಿನ್ನೆಲೆ ಪ್ರೋಗ್ರಾಂ) ಅದನ್ನು ಡಾಕ್, ಅಂದರೆ ಮೇಜಿನ ಮೇಲೆ ಜೋಡಿಸಿಟ್ಟ ಯಂತ್ರ ಎಂದು ಲೆಕ್ಕಕ್ಕೆ ತೆಗೆದುಕೊಂಡು ಮುಚ್ಚಳವನ್ನು ಲೆಕ್ಕಿಸುವುದಿಲ್ಲ, /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್ ಕಡತದ ಹ್ಯಾಂಡಲ್-ಲಿಡ್-ಸ್ವಿಚ್-ಡಾಕ್ಡ್ ಸಾಲಿನ ಮೂಲಬೆಲೆಯೇ "ಇಗ್ನೋರ್". ಇನ್ನೊಂದು ಕಾರಣ, ಯಾವುದೋ ಪ್ರೋಗ್ರಾಂ ನಿದ್ದೆಗೆ ತಡೆ ಒಡ್ಡಿರುವುದು. "ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್" ಕೊಟ್ಟರೆ ಯಾರು, ಏಕೆ ಎಂದು ಹೆಸರು ಸಮೇತ ಬರುತ್ತದೆ.

ಎಬ್ಬಿಸುವವರ ಪೈಕಿ ಮೊದಲ ಅನುಮಾನ ವೈರ್‌ಲೆಸ್ ಮೌಸಿನ ಯುಎಸ್‌ಬಿ ರಿಸೀವರ್ ಮೇಲೆ. ಬ್ಯಾಗಿನೊಳಗೆ ಮೌಸ್ ಅಲುಗಾಡಿದರೆ ಸಾಕು. ಎದ್ದ ಕೂಡಲೇ /ಸಿಸ್/ಪವರ್/ಪಿಎಂ_ವೇಕಪ್_ಐಆರ್‌ಕ್ಯೂ ಓದಿದರೆ ಒಂದು ಸಂಖ್ಯೆ ಸಿಗುತ್ತದೆ. ಅದೇ ಸಂಖ್ಯೆಯ ಸಾಲನ್ನು /ಪ್ರಾಕ್/ಇಂಟರಪ್ಟ್ಸ್ ಕಡತದಲ್ಲಿ ನೋಡಿದರೆ ಯಾವ ಡ್ರೈವರ್ ಎಂದು ಗೊತ್ತಾಗುತ್ತದೆ. ಯಾರಿಗೆಲ್ಲ ಎಬ್ಬಿಸುವ ಹಕ್ಕಿದೆ ಎಂಬ ಪಟ್ಟಿ /ಪ್ರಾಕ್/ಎಸಿಪಿಐ/ವೇಕಪ್ ಕಡತದಲ್ಲಿದೆ. ಯುಎಸ್‌ಬಿ ಕಂಟ್ರೋಲರ್ ಅಲ್ಲಿ ಸಾಮಾನ್ಯವಾಗಿ "ಎಕ್ಸ್‌ಎಚ್‌ಸಿ" (ದೊಡ್ಡಕ್ಷರಗಳಲ್ಲಿ) ಎಂದಿರುತ್ತದೆ. ಆ ಹೆಸರನ್ನು ಅದೇ ಕಡತಕ್ಕೆ ಬರೆದರೆ ಹಕ್ಕು ಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ: ಅದು ದೀಪದ ಸ್ವಿಚ್ಚಿನ ಹಾಗೆ, ಇನ್ನೊಮ್ಮೆ ಬರೆದರೆ ಹಕ್ಕು ವಾಪಸ್ ಬರುತ್ತದೆ. ಸ್ಕ್ರಿಪ್ಟ್ ಎರಡು ಸಲ ಓಡಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ರೀಬೂಟ್ ಆದರೂ ಇದು ಅಳಿದುಹೋಗುತ್ತದೆ. ಹಾಗಾಗಿ ಇಡೀ ಕಂಟ್ರೋಲರ್‌ ಬದಲು ಆ ಒಂದು ರಿಸೀವರ್‌ನ ಪವರ್/ವೇಕಪ್ ಕಡತಕ್ಕೆ "ಡಿಸೇಬಲ್ಡ್" ಎಂದು ಬರೆಯುವ ಯುಡೆವ್ ನಿಯಮವೇ (ಸಾಧನ ಜೋಡಿಸಿದಾಗಲೆಲ್ಲ ತಾನೇ ಜಾರಿಯಾಗುವ ಸೂಚನೆ) ಮೇಲು. ರಿಸೀವರ್‌ನ ತಯಾರಕ ಸಂಖ್ಯೆ, ಮಾದರಿ ಸಂಖ್ಯೆ "ಎಲ್‌ಎಸ್‌ಯುಎಸ್‌ಬಿ" ಕಮಾಂಡಿನಲ್ಲಿ ಕಾಣಿಸುತ್ತವೆ.

ಈಗ ಕೋಳಿನಿದ್ದೆಗೆ ಬರೋಣ. ಹಳೆಯ ಲ್ಯಾಪ್‌ಟಾಪ್‌ಗಳ ನಿದ್ದೆಗೆ ಎಸ್3 ಎಂದು ಹೆಸರು. ರ್‍ಯಾಮ್‌ಗೆ ಮಾತ್ರ ವಿದ್ಯುತ್ತು ಉಳಿದು, ಮಿಕ್ಕಿದ್ದನ್ನು ಬಯಾಸ್ (ಯಂತ್ರದ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಆರಿಸಿಬಿಡುತ್ತಿತ್ತು. ಮೈಕ್ರೊಸಾಫ್ಟ್ 2012ರ ವಿಂಡೋಸ್ 8ರಲ್ಲಿ ಕನೆಕ್ಟೆಡ್ ಸ್ಟ್ಯಾಂಡ್‌ಬೈ, 2015ರ ವಿಂಡೋಸ್ 10ರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ತಂದಿತು. ಫೋನಿನಂತೆ ಮಲಗಿದ್ದರೂ ಮೇಲ್ ಬರುತ್ತಿರಲಿ ಎಂಬ ಆಸೆ. ಲಿನಕ್ಸ್‌ನಲ್ಲಿ ಇದಕ್ಕೆ ಸಮನಾದದ್ದು ಎಸ್2ಐಡಲ್. ಇದರಲ್ಲಿ ಬಯಾಸ್ ಏನನ್ನೂ ಆರಿಸುವುದಿಲ್ಲ. ಪ್ರತಿಯೊಂದು ಸಾಧನವೂ ತಾನಾಗಿಯೇ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಯಬೇಕು. ಎಲ್ಲರೂ ಇಳಿದ ಮೇಲಷ್ಟೇ ಚಿಪ್ ಗಾಢ ನಿದ್ದೆಗೆ ಹೋಗುತ್ತದೆ. ತುಂಬಿದ ಮನೆಯಲ್ಲಿ ಒಂದು ಮಗು ಮಲಗದಿದ್ದರೆ ಮನೆಯವರಾರಿಗೂ ನಿದ್ದೆ ಇಲ್ಲ ಅನ್ನುವ ಹಾಗೆ. 2020ರ ಟೈಗರ್ ಲೇಕ್, ಅಂದರೆ ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇಲ್ಲವೇ ಇಲ್ಲ.

ನಿಮ್ಮದರಲ್ಲಿ ಇದೆಯೇ ನೋಡಲು "ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್". "[ಎಸ್2ಐಡಲ್] ಡೀಪ್" ಎಂದು ಬಂದರೆ ಎರಡೂ ಇದೆ, ಚೌಕ ಆವರಣದಲ್ಲಿರುವುದು ಈಗ ಬಳಕೆಯಲ್ಲಿದೆ. ಡೀಪ್ ಅಂದರೇ ಎಸ್3. "[ಎಸ್2ಐಡಲ್]" ಒಂದೇ ಬಂದರೆ ಬಯಾಸ್ ಎಸ್3 ಕೊಡುತ್ತಿಲ್ಲ, ಯಾವ ಪ್ಯಾರಾಮೀಟರ್ ಹಾಕಿದರೂ ಅದು ಹುಟ್ಟಿಬರುವುದಿಲ್ಲ. ಹಾಗಿದ್ದರೂ ಬಯಾಸ್ ಮೆನುವನ್ನು ಒಮ್ಮೆ ಜಾಲಾಡಿ. ಲೆನೊವೊ ಥಿಂಕ್‌ಪ್ಯಾಡ್‌ಗಳ ಕೆಲವು ಮಾದರಿಗಳಲ್ಲಿ ಪವರ್ ವಿಭಾಗದಡಿ "ಸ್ಲೀಪ್ ಸ್ಟೇಟ್" ಎಂಬ ಆಯ್ಕೆ ಇದ್ದು, ಅದನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಿಸಿದರೆ ಎಸ್3 ಪ್ರತ್ಯಕ್ಷವಾಗುತ್ತದೆ. 2018ರ ಎಕ್ಸ್1 ಕಾರ್ಬನ್ 6ನೇ ತಲೆಮಾರಿಗೆ ಈ ಆಯ್ಕೆ ಬಂದದ್ದೇ ಬಳಕೆದಾರರ ಗಲಾಟೆಯ ನಂತರದ ಬಯಾಸ್ ಅಪ್‌ಡೇಟ್‌ನಲ್ಲಿ.

ಎರಡೂ ಇದ್ದರೆ ಮೊದಲು ತಾತ್ಕಾಲಿಕವಾಗಿ ಬದಲಿಸಿ: "ಎಕೋ ಡೀಪ್ | ಸುಡೊ ಟೀ /ಸಿಸ್/ಪವರ್/ಮೆಮ್_ಸ್ಲೀಪ್". ಎಕೋ ಮುಂದೆ ಸುಡೊ ಹಾಕಿ ಬಾಣದ ಗುರುತಿನಿಂದ ಬರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ, ಏಕೆಂದರೆ ಕಡತ ತೆರೆಯುವುದು ನಿಮ್ಮ ಶೆಲ್, ಸುಡೊ ಅಲ್ಲ. ಆಮೇಲೆ ತೆರೆದ ಕೆಲಸವನ್ನೆಲ್ಲ ಸೇವ್ ಮಾಡಿ "ಸುಡೊ ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 60" ಕೊಡಿ. ಯಂತ್ರ ಮಲಗಿ 60 ಸೆಕೆಂಡಿಗೆ ತಾನೇ ಏಳಬೇಕು. ಎದ್ದರೆ ವೈಫೈ, ಟಚ್‌ಪ್ಯಾಡ್, ಸ್ಪೀಕರ್, ಪರದೆಯ ಬೆಳಕು ಒಂದೊಂದನ್ನೂ ಮುಟ್ಟಿ ನೋಡಿ. ಏಳದೆ ಕಪ್ಪಗೇ ಉಳಿದರೆ ಪವರ್ ಬಟನ್ ಹತ್ತು-ಹದಿನೈದು ಸೆಕೆಂಡು ಒತ್ತಿ ಹಿಡಿದು ಆರಿಸಿ. ಬದಲಾವಣೆ ತಾತ್ಕಾಲಿಕವಾದ್ದರಿಂದ ರೀಬೂಟ್‌ಗೆ ಎಲ್ಲ ಮೊದಲಿನಂತೆ. ತಯಾರಕರು ಪರೀಕ್ಷಿಸದೆ ಬಿಟ್ಟ ಎಸ್3 ಹೀಗೆ ಕೈಕೊಡುವುದುಂಟು, ಅಂಥದ್ದನ್ನು ಹಠಕ್ಕೆ ಬಿದ್ದು ಬಳಸಬೇಡಿ.

ಟಚ್‌ಪ್ಯಾಡ್ ಒಂದೇ ಸತ್ತಿದ್ದರೆ ಮಾತ್ರ ಹಠ ಮಾಡಬಹುದು. "ಮಾಡ್‌ಪ್ರೋಬ್ -ಆರ್ ಐ2ಸಿ_ಎಚ್‌ಐಡಿ_ಎಸಿಪಿಐ" ಎಂದು ಡ್ರೈವರ್ ಇಳಿಸಿ, ಮತ್ತೆ "ಮಾಡ್‌ಪ್ರೋಬ್" ಮಾಡಿ ಏರಿಸಿ. ಹಳೆಯ ಟಚ್‌ಪ್ಯಾಡ್ ಆದರೆ "ಪಿಎಸ್‌ಮೌಸ್". ಅದಕ್ಕೆ ಜೀವ ಬಂದರೆ ಈ ಎರಡು ಸಾಲನ್ನು /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್ ಕೋಶದಲ್ಲಿ ಒಂದು ಸ್ಕ್ರಿಪ್ಟ್ ಮಾಡಿ ಇಡಿ. ಮಲಗುವ ಮುನ್ನ ಅದಕ್ಕೆ "ಪ್ರಿ", ಎದ್ದ ಮೇಲೆ "ಪೋಸ್ಟ್" ಎಂಬ ಮೊದಲ ಆರ್ಗ್ಯುಮೆಂಟ್ ಸಿಗುತ್ತದೆ. "ಸಿಎಚ್‌ಮಾಡ್ +ಎಕ್ಸ್" ಮರೆತರೆ ಸ್ಕ್ರಿಪ್ಟ್ ಓಡುವುದಿಲ್ಲ.

ಎಲ್ಲ ಸರಿ ಬಂದರೆ ಕಾಯಂ ಮಾಡಿ. ಉಬುಂಟು, ಡೆಬಿಯನ್‌ನಲ್ಲಿ /ಇಟಿಸಿ/ಡಿಫಾಲ್ಟ್/ಗ್ರಬ್ ತೆರೆದು, "ಕ್ವೈಟ್ ಸ್ಪ್ಲ್ಯಾಶ್" ಇರುವ ಸಾಲಿನ ಉದ್ಧರಣ ಚಿಹ್ನೆಯೊಳಗೇ ಜಾಗ ಬಿಟ್ಟು "ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್" ಸೇರಿಸಿ, "ಸುಡೊ ಅಪ್‌ಡೇಟ್-ಗ್ರಬ್". ಫೆಡೊರಾದಲ್ಲಿ ಇದೇ ಕೆಲಸಕ್ಕೆ "ಗ್ರಬ್ಬಿ" ಇದೆ.

ಎಸ್2ಐಡಲ್ ಒಂದೇ ಇರುವವರ ಕೆಲಸ ಸ್ವಲ್ಪ ಜಾಸ್ತಿ. ಹೊಸ ಕರ್ನಲ್‌ಗಳು ಒಂದು ಒಳ್ಳೆಯ ಮೀಟರ್ ಕೊಟ್ಟಿವೆ: /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್/ಲಾಸ್ಟ್_ಎಚ್‌ಡಬ್ಲ್ಯು_ಸ್ಲೀಪ್. ಕಳೆದ ನಿದ್ದೆಯಲ್ಲಿ ಚಿಪ್ ನಿಜವಾಗಿ ಗಾಢವಾಗಿದ್ದ ಕಾಲ ಅಲ್ಲಿ ಮೈಕ್ರೊಸೆಕೆಂಡಿನಲ್ಲಿ ಇರುತ್ತದೆ. 60 ಸೆಕೆಂಡ್ ಮಲಗಿಸಿ ಓದಿದಾಗ ಸಂಖ್ಯೆ ಆರು ಕೋಟಿಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಸೊನ್ನೆ ಬಂದರೆ ಯಾವುದೋ ಒಂದು ಸಾಧನ ಮಲಗಿಲ್ಲ.

ಆ ಸಾಧನ ಹುಡುಕುವ ಮೊದಲು "ಕ್ಯಾಟ್ /ಪ್ರಾಕ್/ಸಿಎಂಡಿಲೈನ್" ಕೊಟ್ಟು ನಿಮ್ಮದೇ ಪಾಪಗಳನ್ನು ನೋಡಿಕೊಳ್ಳಿ. ಎಂದೋ ಯಾವುದೋ ತೊಂದರೆಗೆ ಅಂಟಿಸಿದ "ಪಿಸಿಐಇ_ಎಎಸ್‌ಪಿಎಂ=ಆಫ್", "ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1", "ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0" ಇನ್ನೂ ಅಲ್ಲೇ ಕೂತಿರಬಹುದು. ಮೊದಲನೆಯದು ಪಿಸಿಐ ತಂತಿಗಳನ್ನು, ಎರಡನೆಯದು ಪ್ರೊಸೆಸರನ್ನು, ಮೂರನೆಯದು ಡಿಸ್ಕನ್ನು ಸರಿಯಾಗಿ ಮಲಗಗೊಡದೆ ಇರಬಹುದು. ಮೂರರಲ್ಲಿ ಒಂದಿದ್ದರೂ ಎಸ್2ಐಡಲ್ ಕೆಡಬಹುದು. ತೆಗೆದು ಮತ್ತೆ ಅಳೆಯಿರಿ.

ಆಮೇಲೆ ಡಿಸ್ಕ್. ಕೆಲವು ಇಂಟೆಲ್ ಯಂತ್ರಗಳ ಬಯಾಸ್‌ನಲ್ಲಿ ಎನ್‌ವಿಎಂಇ ಡಿಸ್ಕನ್ನು (ಪಿಸಿಐಗೆ ನೇರ ಜೋಡಿಸಿದ ವೇಗದ ಎಸ್‌ಎಸ್‌ಡಿ) ವಿಎಂಡಿ ಅಥವಾ ರೇಡ್ ಎಂಬ ಪರದೆಯ ಹಿಂದೆ ಇಟ್ಟಿರುತ್ತಾರೆ. ಪರದೆಯ ಹಿಂದಿನ ಡಿಸ್ಕಿನ ಎಎಸ್‌ಪಿಎಂ, ಅಂದರೆ ಪಿಸಿಐ ಕೊಂಡಿಯ ವಿದ್ಯುತ್ ಉಳಿತಾಯ, ಬಯಾಸ್‌ನಿಂದ ಚಾಲೂ ಆಗುವುದಿಲ್ಲ. ಹಳೆಯ ಕರ್ನಲ್‌ಗಳೂ ಮಾಡುತ್ತಿರಲಿಲ್ಲ. "ಸುಡೊ ಎಲ್‌ಎಸ್‌ಪಿಸಿಐ -ವಿವಿ" ಕೊಟ್ಟು ಡಿಸ್ಕಿನ "ಲಿಂಕ್‌ಸಿಟಿಎಲ್" ಸಾಲಿನಲ್ಲಿ "ಎಎಸ್‌ಪಿಎಂ ಡಿಸೇಬಲ್ಡ್" ಇದೆಯೇ ನೋಡಿ. ಇದ್ದರೆ ಕರ್ನಲ್ ಹೊಸದು ಮಾಡಿ, ಇಲ್ಲವೇ ಬಯಾಸ್‌ನಲ್ಲಿ ಆ ಪರದೆ ತೆಗೆದು ಎಎಚ್‌ಸಿಐಗೆ ಬದಲಿಸಿ. ಪಕ್ಕದಲ್ಲೇ ವಿಂಡೋಸ್ ಇದ್ದರೆ ಹುಷಾರು: ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಬಯಾಸ್ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಏರಿಸಿ, ಆಮೇಲೆ ಸೇಫ್ ಮೋಡ್ ತೆಗೆಯಿರಿ. ನೇರ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಇದಕ್ಕೆ ಕೈ ಹಾಕಲೇಬೇಡಿ.

ಎಸ್‌ಡಿ ಕಾರ್ಡ್ ರೀಡರ್ ಇನ್ನೊಬ್ಬ ಕಳ್ಳ. ಬಳಸದವರು ಬಯಾಸ್‌ನಲ್ಲೇ ಆರಿಸಿ ಅಳೆದು ನೋಡಬಹುದು, ಎರಡು ನಿಮಿಷದ ಕೆಲಸ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವವರು ಆ ಪಿಸಿಐ ಸಾಧನದ ಕೋಶದಲ್ಲಿ ಪವರ್/ರನ್‌ಟೈಮ್_ಸ್ಟೇಟಸ್ ಓದಿ, "ಸಸ್ಪೆಂಡೆಡ್" ಇರಬೇಕು. ಎನ್ವಿಡಿಯಾ-ಎಸ್‌ಎಂಐ ಓಡಿಸಿ ನೋಡಬೇಡಿ, ಅದು ನೋಡುವ ನೆಪದಲ್ಲಿ ಕಾರ್ಡನ್ನು ಎಬ್ಬಿಸುತ್ತದೆ. ಎದ್ದಾಗ ಪರದೆಯ ತುಂಬ ಕಲಸುಮೇಲೋಗರವಾಗಿದ್ದರೆ ಎನ್ವಿಡಿಯಾ-ಸಸ್ಪೆಂಡ್, ಎನ್ವಿಡಿಯಾ-ರೆಸ್ಯೂಮ್ ಸರ್ವಿಸ್‌ಗಳನ್ನು ಸಿಸ್ಟಮ್‌ಸಿಟಿಎಲ್‌ನಿಂದ ಚಾಲೂ ಮಾಡಿ, ಡ್ರೈವರ್‌ನ ಪ್ರಿಸರ್ವ್-ವಿಡಿಯೊ-ಮೆಮೊರಿ-ಅಲೊಕೇಶನ್ಸ್ ಆಯ್ಕೆಯನ್ನು 1 ಮಾಡಿ. ಇದು ವಿಡಿಯೊ ಮೆಮೊರಿಯನ್ನು ಮೂಲತಃ /ಟೆಂಪ್‌ಗೆ (ಬರೆಯುವುದು ಟಿ, ಎಂ, ಪಿ ಮೂರೇ ಅಕ್ಷರ) ಬರೆಯುತ್ತದೆ. /ಟೆಂಪ್ ರ್‍ಯಾಮಿನಲ್ಲೇ ಇದ್ದು ಜಾಗ ಸಾಲದಿದ್ದರೆ ನಿದ್ದೆಯೇ ವಿಫಲವಾಗುತ್ತದೆ, ಜಾಗವನ್ನು /ವಾರ್/ಟೆಂಪ್‌ಗೆ ತಿರುಗಿಸಿ.

ಇಷ್ಟಕ್ಕೂ ಸಿಗದಿದ್ದರೆ ಇಂಟೆಲ್‌ನವರಿಗೆ ಎಸ್0ಐಎಕ್ಸ್ ಸೆಲ್ಫ್‌ಟೆಸ್ಟ್ ಟೂಲ್, ಎಎಂಡಿಯವರಿಗೆ ಎಎಂಡಿ-ಎಸ್2ಐಡಲ್ ಇವೆ, ಎರಡೂ ಆಯಾ ಕಂಪನಿಯ ಎಂಜಿನಿಯರುಗಳೇ ಬರೆದದ್ದು. ಎಎಂಡಿಯದು ಯಂತ್ರವನ್ನು ತಾನೇ ಮಲಗಿಸಿ, ಎಬ್ಬಿಸಿ, ತಪ್ಪು ಎಲ್ಲಿ ಎಂದು ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ. "ಎಫ್‌ಡಬ್ಲ್ಯುಅಪ್‌ಡಿಎಂಜಿಆರ್ ಗೆಟ್-ಅಪ್‌ಡೇಟ್ಸ್" ಕೊಟ್ಟು ಬಯಾಸ್ ಹೊಸದಿದೆಯೇ ನೋಡುವುದನ್ನೂ ಬಿಡಬೇಡಿ. ಚಾರ್ಜರ್ ಹಾಕಿಕೊಂಡೇ ಅಪ್‌ಡೇಟ್ ಮಾಡಿ.

ಯಾವುದೂ ಒಲಿಯದ ಯಂತ್ರಕ್ಕೆ ಹೈಬರ್ನೇಟ್. ಲಾಗಿನ್‌ಡಿಯಲ್ಲಿ ಮುಚ್ಚಳಕ್ಕೆ "ಸಸ್ಪೆಂಡ್-ದೆನ್-ಹೈಬರ್ನೇಟ್" ಕೊಟ್ಟು, ಸ್ಲೀಪ್.ಕಾನ್ಫ್ ಕಡತದಲ್ಲಿ ಹೈಬರ್ನೇಟ್-ಡಿಲೇ-ಸೆಕ್ ಅನ್ನು 1 ಅಥವಾ 2 ಗಂಟೆಗೆ ಹೊಂದಿಸಿದರೆ, ಅಷ್ಟು ಹೊತ್ತು ಕೋಳಿನಿದ್ದೆ ಮಾಡಿ ಆಮೇಲೆ ರ್‍ಯಾಮನ್ನು ಡಿಸ್ಕಿನ ಸ್ವಾಪ್ ಎಂಬ ಜಾಗಕ್ಕೆ ಬರೆದು ಪೂರ್ತಿ ಆರಿಹೋಗುತ್ತದೆ. ಸ್ವಾಪ್ ರ್‍ಯಾಮಿನಷ್ಟೇ ಇದ್ದರೆ ನಿಶ್ಚಿಂತೆ. ಫೆಡೊರಾದಲ್ಲಿ ಮೊದಲಿಂದ ಬರುವ ಜಡ್‌ರ್‍ಯಾಮ್ ಸ್ವಾಪ್ ಇದಕ್ಕೆ ಆಗದು, ಅದಿರುವುದೇ ರ್‍ಯಾಮಿನಲ್ಲಿ. ಸ್ವಾಪ್ ಕಡತವಾಗಿದ್ದರೆ ಕರ್ನಲ್‌ಗೆ "ರೆಸ್ಯೂಮ್=" ಜೊತೆ "ರೆಸ್ಯೂಮ್_ಆಫ್‌ಸೆಟ್=" ಕೂಡ ಬೇಕು; "ಫೈಲ್‌ಫ್ರ್ಯಾಗ್ -ವಿ" ತೋರಿಸುವ ಮೊದಲ ಸಾಲಿನ ಫಿಸಿಕಲ್ ಆಫ್‌ಸೆಟ್ ಅದು. ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಫೈಲ್‌ಫ್ರ್ಯಾಗ್ ತಪ್ಪು ಸಂಖ್ಯೆ ಕೊಡುತ್ತದೆ, ಅದರದ್ದೇ "ಇನ್‌ಸ್ಪೆಕ್ಟ್-ಇಂಟರ್ನಲ್ ಮ್ಯಾಪ್-ಸ್ವಾಪ್‌ಫೈಲ್ -ಆರ್" ಬಳಸಿ. ಸ್ವಾಪ್ ಕಡತ ಅಳಿಸಿ ಮತ್ತೆ ಮಾಡಿದರೆ ಸಂಖ್ಯೆ ಬದಲಾಗುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಹೈಬರ್ನೇಟ್ ಬೇಡ ಎಂದರೆ ಕರ್ನಲ್ ಸಂದೇಶಗಳಲ್ಲಿ "ಲಾಕ್‌ಡೌನ್" ಹುಡುಕಿ: ಉಬುಂಟು, ಫೆಡೊರಾಗಳಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ಕಾಯುವ ಆಯ್ಕೆ) ಹಾಕಿದ್ದರೆ ಹೈಬರ್ನೇಟ್‌ಗೆ ಬೀಗ. ಆ ಬೀಗ ತೆಗೆಯಬೇಕಾದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನೇ ಆರಿಸಬೇಕು.