ಹೌದು, ಗಾಂಜಾ ಬೆಳೆದಿದ್ದೆ. ಇಲ್ಲ, ತರೋಕಾಗಲ್ಲ.

ಪ್ರಶ್ನೆ ಬರುವ ರೀತಿ ಯಾವಾಗಲೂ ಒಂದೇ. ಊರಿಂದ ಫೋನ್ ಮಾಡಿದವರು ಮೊದಲು ಚಳಿ ಹೇಗಿದೆ ಅಂತ ವಿಚಾರಿಸುತ್ತಾರೆ. ಆಮೇಲೆ ಕೆಲಸ. ಆಮೇಲೆ ದನಿ ತಗ್ಗುತ್ತದೆ. "ಅಲ್ಲಾ ಕಣೋ, ನೀನು ಮನೇಲೇ ಅದನ್ನ ಬೆಳೆಸಿದ್ಯಂತೆ? ಕಷ್ಟಾನಾ?"

'ಅದು' ಅಂದರೆ ಗಾಂಜಾ. ಹೆಸರು ಹೇಳಿದರೆ ಫೋನೊಳಗಿಂದ ಪೊಲೀಸರು ಇಳಿದುಬರುತ್ತಾರೆ ಅನ್ನುವ ಹಾಗೆ 'ಅದು', 'ಆ ಗಿಡ', 'ಸೊಪ್ಪು'. ಒಬ್ಬರಂತೂ ಹೆಬ್ಬೆರಳು ತೋರುಬೆರಳು ಜೋಡಿಸಿ ತುಟಿಯ ಹತ್ತಿರ ಹಿಡಿದು ಕೇಳಿದರು. ವಿಡಿಯೋ ಕಾಲ್‌ನಲ್ಲಿ. ಹಿಂದೆ ಅವರ ಅತ್ತೆ ಅವರೇಕಾಯಿ ಬಿಡಿಸುತ್ತಾ ಕೂತಿದ್ದರು.

ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 2024ರ ಏಪ್ರಿಲ್ 1ರಿಂದ ಇಲ್ಲಿ ಹದಿನೆಂಟು ತುಂಬಿದವರು, ಕನಿಷ್ಠ ಆರು ತಿಂಗಳಿಂದ ಇಲ್ಲೇ ವಾಸವಿದ್ದರೆ, ಸ್ವಂತಕ್ಕೆಂದು ಮನೆಯಲ್ಲಿ ಮೂರು ಗಿಡ ಬೆಳೆಯಬಹುದು. ಒಣಗಿಸಿದ್ದು ಮನೆಯಲ್ಲಿ 50 ಗ್ರಾಂ ಇಟ್ಟುಕೊಳ್ಳಬಹುದು, ಹೊರಗೆ ಓಡಾಡುವಾಗ 25. ಮಾರುವಂತಿಲ್ಲ, ಪುಕ್ಕಟೆಯಾಗಿಯೂ ಯಾರಿಗೂ ಕೊಡುವಂತಿಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.

"ಬರುವಾಗ ಒಂಚೂರು ತಗೊಂಡು ಬಾರೋ" ಅನ್ನುವ ನನ್ನ ಚಿಕ್ಕಪ್ಪನ ಮಗ ಮೇಲಿನ ಪ್ಯಾರಾ ಇನ್ನೊಮ್ಮೆ ಓದಲಿ. ಗಡಿ ದಾಟಿಸುವುದು ಇಲ್ಲೂ ಅಪರಾಧ, ಅಲ್ಲೂ ಅಪರಾಧ. "ಹಂಗಾದ್ರೆ ನಾನೇ ಟೆರೇಸ್ ಮೇಲೆ ಒಂದು ಗಿಡ ಹಾಕ್ತೀನಿ, ಒಂದೇ ಅಲ್ವಾ" ಅಂದ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕುಂಡದಲ್ಲಿದ್ದರೂ ಗಿಡ ಗಿಡವೇ. ಬರಿ ಎಲೆಗೆ ಆ ಕಾನೂನಿನಲ್ಲಿ ಬೇರೆ ಲೆಕ್ಕ ಇದೆ, ಭಂಗ್ ಅಂಗಡಿಗಳು ನಡೆಯುವುದು ಆ ಸಂದಿಯಲ್ಲೇ. ಆದರೆ ಗಿಡ ನೆಡುವುದಕ್ಕೆ ಆ ಸಂದಿ ಇಲ್ಲ. ಯಾದಗಿರಿ ಕಡೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾನೇ ಪ್ರಸಾದವಾಗಿ ಕೊಡುತ್ತಿದ್ದರಲ್ಲ ಅನ್ನುತ್ತಾನೆ. ಅವನು ಮೌನೇಶ್ವರನ ಭಕ್ತನಾಗಿದ್ದು ಇದೇ ವರ್ಷ.

ಇನ್ನು ಕಷ್ಟಾನಾ ಅನ್ನುವ ಮಾತು. ನನ್ನದು ಒಂದು ರೂಮಿನ ಬಾಡಿಗೆ ಮನೆ. ಸೂಟ್‌ಕೇಸು, ಇಸ್ತ್ರಿ ಮೇಜು ಇಡುವ ಸಣ್ಣ ಸಾಮಾನು ಕೋಣೆಯಲ್ಲಿ 60 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ, ಗಿಡ ಬೆಳೆಸುವ ಒಂದು ಟೆಂಟು. ಒಳಗೆ ಬೆಳ್ಳಿ ಬಣ್ಣದ ಅಸ್ತರಿ. ಮೇಲೊಂದು 100 ವ್ಯಾಟ್‌ನ ಎಲ್‌ಇಡಿ ದೀಪ. ಆ ದೀಪ ತಂದಿದ್ದು ಗಾಂಜಾಕ್ಕಲ್ಲ, ಕರಿಬೇವಿಗೆ. ಪ್ರತಿ ಚಳಿಗಾಲ ಕಿಟಕಿಯ ಹತ್ತಿರ ಎಲೆ ಉದುರಿಸಿಕೊಂಡು ಪೊರಕೆ ಕಡ್ಡಿ ಹಾಗೆ ನಿಲ್ಲುತ್ತಿತ್ತು ಪಾಪ. ಹೀಗೆ ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ.

ಕಾನೂನು ಬಂತು, ದೀಪ ಇತ್ತು, ನೋಡೋಣ ಅನ್ನಿಸಿತು. ಮೂರಕ್ಕೆ ಅನುಮತಿ ಇದ್ದರೂ ಆ ಜಾಗಕ್ಕೆ ಒಂದೇ ಸಾಕು. ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೇಕಾಗಿರುವುದು ಹೆಣ್ಣು ಗಿಡದ ಹೂವು, ಹಾಗಾಗಿ ಹೆಣ್ಣೇ ಹುಟ್ಟುವ ಹಾಗೆ ತಯಾರಿಸಿದ ಬೀಜ ಮಾರುತ್ತಾರೆ. ಸಾಮಾನ್ಯ ತಳಿಯಾದರೆ ಹಗಲು ಗಿಡ್ಡವಾದಾಗಲೇ ಹೂ ಬಿಡೋದು. ಮನೆಯೊಳಗೆ ದಿನಕ್ಕೆ 18 ಗಂಟೆ ಬೆಳಕು ಕೊಟ್ಟು ಬೆಳೆಸಿ, ಆಮೇಲೆ 12ಕ್ಕೆ ಇಳಿಸಿ ಗಿಡಕ್ಕೆ 'ಮಳೆಗಾಲ ಮುಗೀತು' ಅಂತ ಸುಳ್ಳು ಹೇಳಬೇಕು. ನಾನು ತಂದದ್ದು ಆಟೋಫ್ಲವರ್. ವಯಸ್ಸಿಗೆ ಬಂದ ಕೂಡಲೇ ತಾನೇ ಹೂ ಬಿಡುತ್ತದೆ, ಸುಳ್ಳು ಹೇಳುವ ಕೆಲಸವಿಲ್ಲ. ಆದರೆ ಎಳೆಯದಿದ್ದಾಗ ನಾವು ತಪ್ಪು ಮಾಡಿದರೆ ಚೇತರಿಸಿಕೊಳ್ಳೋಕೆ ಸಮಯವನ್ನೂ ಕೊಡುವುದಿಲ್ಲ.

ನಾನು ಮಾಡಿದೆ. ನೀರು ಹಾಕಿದೆ. ದಿನಾ ಹಾಕಿದೆ. ಎಲೆ ಜೋತುಬಿತ್ತು, ಬಾಯಾರಿಕೆ ಅಂತ ಇನ್ನೊಂದು ಲೋಟ ಹಾಕಿದೆ. ಬೇರಿಗೆ ಉಸಿರು ಕಟ್ಟಿದರೂ ಎಲೆ ಜೋತುಬೀಳುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ಒದ್ದೆ ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಎದ್ದು ನನ್ನ ಕಾಫಿ ಲೋಟಕ್ಕೆ ಬೀಳುತ್ತಿದ್ದವು. ತಿಪಟೂರು ಕಡೆ ತೆಂಗು ಬೆಳೆಯುವವರ ಮಗ ನಾನು. ಅವಮಾನ ಯಾರ ಹತ್ತಿರ ಹೇಳಿಕೊಳ್ಳೋದು?

ಅಪ್ಪನ ಹತ್ತಿರವೇ ಹೇಳಿಕೊಂಡೆ. ಮೂರು ವಾರ ಮುಚ್ಚಿಟ್ಟಿದ್ದೆ. ಒಂದು ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ಉಸಿರು ಬಿಗಿಹಿಡಿದು, "ಅಪ್ಪಾ, ಇಲ್ಲಿ ಕಾನೂನು ಬದಲಾಗಿದೆ, ಒಂದು ಗಾಂಜಾ ಗಿಡ ಹಾಕಿದೀನಿ, ಯಾಕೋ ಏಳ್ತಾ ಇಲ್ಲ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಮಣ್ಣು ಎಲ್ಲಿ ಸಿಗ್ತೋ ನಿಂಗೆ?"

ಇಷ್ಟು ಜನ ಇಷ್ಟು ಕೇಳಿದ್ದಾರೆ. ಎಷ್ಟು ಬಂತು, ಎಷ್ಟಕ್ಕೆ ಹೋಗುತ್ತೆ, ಸೇದಿದರೆ ಏನಾಗುತ್ತೆ, ಹೆಂಡತಿ ಬಿಟ್ಟುಹೋದರೆ ಏನು ಮಾಡ್ತೀಯ. ಮಣ್ಣಿನ ವಿಷಯ ಕೇಳಿದವರು ಅವರೊಬ್ಬರೇ. ಅಂಗಡಿಯಲ್ಲಿ ಚೀಲ ಕೊಂಡೆ ಅಂದೆ. "ಮಣ್ಣಿಗೆ ದುಡ್ಡು ಕೊಟ್ಯಾ?" ಅಂತ ಎರಡು ಸಲ ಕೇಳಿದರು. ಗಾಂಜಾ ಅಂದಾಗ ಬಾರದ ಬೇಸರ ಆಗ ಬಂತು.

ಆಮೇಲೆ ಪಾಠ. ಮೇಲಿನ ಒಂದು ಇಂಚು ಪೂರ್ತಿ ಒಣಗೋವರೆಗೂ ಮುಟ್ಟಬೇಡ. ಬೆರಳು ನಂಬಬೇಡ, ಕುಂಡ ಎತ್ತಿ ನೋಡು, ತೂಕ ಹೇಳುತ್ತೆ. ನೊಣಕ್ಕೆ ಬೇವಿನ ಹಿಂಡಿ ಉದುರಿಸು. ಕೊನೆಗೆ, "ನಾವು ಚಿಕ್ಕವರಿದ್ದಾಗ ಮಠದ ಹಿಂದೆ ಭಂಗಿ ಗಿಡ ಆಳುದ್ದ ತಾನೇ ಬೆಳೀತಿತ್ತಲ್ಲೋ, ಅದಕ್ಕೆ ಯಾರು ನೀರು ಹಾಕ್ತಿದ್ರು?"

ನೀರು ನಿಲ್ಲಿಸಿದೆ. ಐದನೇ ದಿನಕ್ಕೆ ಎಲೆ ಕೈ ಎತ್ತಿತು. ಆದರೂ ಹೋದ ವಾರಗಳು ಹೋದವೇ, ಗಿಡ ಮೊಣಕಾಲಿನ ಮಟ್ಟಕ್ಕೆ ನಿಂತುಬಿಟ್ಟಿತು. ಎಂಟನೇ ವಾರದಲ್ಲಿ ಹೂವಿನ ವಾಸನೆ ಶುರುವಾದಾಗ ಫ್ಯಾನಿಗೆ ಇದ್ದಿಲ ಫಿಲ್ಟರ್ ಜೋಡಿಸಿದೆ. ನೆರೆಯವರಿಗೆ ತೊಂದರೆ ಆಗಬಾರದು ಅಂತ ಕಾನೂನೇ ಹೇಳುತ್ತದೆ. ಮೇಲಿನ ಮನೆಯ ಅಜ್ಜಿ ಒಂದು ದಿನ ಮೆಟ್ಟಿಲಲ್ಲಿ ತಡೆದು, ನಿಮ್ಮ ಮನೆಯಿಂದ ಏನೋ ವಿಚಿತ್ರ ವಾಸನೆ ಅಂದರು. ನನ್ನ ಎದೆ ಧಸಕ್ ಅಂತು. ಅವರು ಹೇಳಿದ್ದು ಇಂಗಿನ ಒಗ್ಗರಣೆ ಬಗ್ಗೆ.

ಕೊಯ್ದು ಅದೇ ಟೆಂಟಿನ ಕತ್ತಲಲ್ಲಿ ರೆಂಬೆಗಳನ್ನು ತಲೆಕೆಳಗಾಗಿ ತೂಗುಹಾಕಿದೆ. ಕಡ್ಡಿ ಮುರಿದರೆ ಪಟ್ ಅನ್ನಬೇಕು, ಅಲ್ಲಿಯವರೆಗೂ ಆತುರಪಡುವ ಹಾಗಿಲ್ಲ. ಹತ್ತು ದಿನ ಹಿಡಿಯಿತು. ತುದಿಯ ದೊಡ್ಡ ಹೂಗೊಂಚಲನ್ನು ಬಿಡಿಸಿ ನೋಡಿದರೆ ಒಳಗೆ ಬೂದು ಬೂಷ್ಟು, ಅಷ್ಟೂ ಕಸಕ್ಕೆ ಹೋಯಿತು. ಹತ್ತು ದಿನ ಕಾದೆ ಅಂತ ದೊಡ್ಡದಾಗಿ ಹೇಳಿಕೊಂಡರೆ ಅಪ್ಪ, "ನಾವು ಅಟ್ಟದ ಮೇಲಿನ ಕೊಬ್ಬರಿಗೆ ವರ್ಷ ಕಾಯ್ತೀವಿ" ಅಂದರು.

ಅವರಿಗೆ ಕೊಟ್ಟ ಲೆಕ್ಕವನ್ನೇ ನಿಮಗೂ ಕೊಡುತ್ತೇನೆ. ಟೆಂಟು, ದೀಪ, ಫ್ಯಾನು, ಫಿಲ್ಟರ್ ಸೇರಿ 300 ಯೂರೋ. ಕರೆಂಟು ದಿನಕ್ಕೆ 1.8 ಯುನಿಟ್, 80 ದಿನಕ್ಕೆ 144 ಯುನಿಟ್, ಸುಮಾರು 50 ಯೂರೋ. ಬಂದದ್ದು ಒಣಗಿದ ಮೇಲೆ 22 ಗ್ರಾಂ.

"ಲಾಸು" ಅಂದರು. ನಮ್ಮ ತೋಟದ ಲೆಕ್ಕವನ್ನೂ ಮೂವತ್ತು ವರ್ಷದಿಂದ ಅದೇ ದನಿಯಲ್ಲಿ ಹೇಳುತ್ತಾ ಬಂದಿದ್ದಾರೆ, ತೆಂಗಿಗೆ ಕಪ್ಪುತಲೆ ಹುಳ ಬಿದ್ದ ವರ್ಷವೂ, ಬೀಳದ ವರ್ಷವೂ.

ಆ 22 ಗ್ರಾಂ ಏನಾಯಿತು ಅನ್ನುವುದು ನಿಮಗೆ ಸಂಬಂಧಪಟ್ಟದ್ದಲ್ಲ.

ಈಗ ಟೆಂಟಿನಲ್ಲಿ ಕರಿಬೇವು ಇದೆ. ಹೊರಗೆ ನವೆಂಬರ್, ಒಳಗೆ ಚಿಗುರು. ಮೊನ್ನೆ ರಾಜ್ಯೋತ್ಸವದ ಊಟದಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. ಕೈ ತೊಳೆಯುವ ಜಾಗದಲ್ಲಿ ಒಬ್ಬರು ಪಕ್ಕಕ್ಕೆ ಬಂದು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಎರಡು ಎಸಳು ಸಿಗಬಹುದಾ ಸಾರ್?" ಅಂದರು.

ಇದನ್ನು ಕೊಡೋಕೆ ಕಾನೂನಿನ ಅಡ್ಡಿ ಏನೂ ಇಲ್ಲ. ಇರೋದೇ ಏಳು ಎಸಳು. ಕೊಡಲ್ಲ.