ಕೂಪೆಗೆ ಪುಟ್ಟ ಎಂಜಿನ್ ಇರಲಿ

ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕೂಪೆ (ಎರಡು ಬಾಗಿಲಿನ ತಗ್ಗು ಕಾರು) ಅಂದ್ರೆ ಎಲ್ಲರೂ ಬ್ಯಾಟರಿ ಎಷ್ಟು ದೊಡ್ಡದು ಅಂತ ಕೇಳುತ್ತಾರೆ. ನನಗೆ ಮುಖ್ಯ ತೂಕ. ಬ್ಯಾಟರಿ ದೊಡ್ಡದಾದಷ್ಟೂ ಕಾರು ಭಾರ, ಶಿರಾಡಿ ಘಾಟಿಯ ತಿರುವಿನಲ್ಲಿ ಅದು ಸ್ಟೇರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ.

ಅದಕ್ಕೇ ನನಗೆ ರೇಂಜ್ ಎಕ್ಸ್‌ಟೆಂಡರ್ ಇಷ್ಟ, ಅಂದ್ರೆ ಚಿಕ್ಕ ಬ್ಯಾಟರಿಯ ಜೊತೆಗೆ ದಾರಿಯಲ್ಲೇ ಕರೆಂಟ್ ಮಾಡಿಕೊಡುವ ಪೆಟ್ರೋಲ್ ಎಂಜಿನ್. ಈ ಎಂಜಿನ್ ಜನರೇಟರ್ ಮಾತ್ರ ಓಡಿಸುತ್ತದೆ, ಚಕ್ರ ತಿರುಗಿಸುವುದು ಮೋಟರೇ, ಹಾಗಾಗಿ ಎಂಜಿನ್ ಚಿಕ್ಕದಿದ್ದರೂ ನಡೆಯುತ್ತದೆ. ಬಿಎಂಡಬ್ಲ್ಯು ಐ3ಯಲ್ಲಿ ಇದ್ದದ್ದು ಸ್ಕೂಟರ್ ಮೂಲದ 647 ಸಿಸಿ ಎಂಜಿನ್. ಬ್ಯಾಟರಿ ಪೂರ್ತಿ ಇಳಿದ ಮೇಲೆ ಉದ್ದದ ಏರಿನಲ್ಲಿ ಅದರ ಶಕ್ತಿ ಸಾಲುತ್ತಿರಲಿಲ್ಲ, ಆದ್ದರಿಂದ ಸ್ವಲ್ಪ ಚಾರ್ಜ್ ಉಳಿದಿರುವಾಗಲೇ ಎಂಜಿನ್ ಶುರುವಾಗಬೇಕು.

2023ರಲ್ಲಿ ಮಾಜ್ದಾ ಟೋಕಿಯೊದಲ್ಲಿ ತೋರಿಸಿದ ಮಾದರಿ ಕಾರು ಐಕಾನಿಕ್ ಎಸ್‌ಪಿ ನೋಡಿ, ಎಂಥಾ ಚೆಂದ! ಕರೆಂಟ್ ಮಾಡಲು ಎರಡು ರೋಟರಿನ (ಪಿಸ್ಟನ್ ಬದಲು ತಿರುಗುವ ತ್ರಿಕೋನ ಬಿಲ್ಲೆ) ರೋಟರಿ ಎಂಜಿನ್, ಕಾರಿನ ಶಕ್ತಿ 370 ಪಿಎಸ್ (ಅಶ್ವಶಕ್ತಿ), ತೂಕ ಬರೀ 1,450 ಕೆಜಿ. ರೋಟರಿ ಎಂಜಿನ್ ಪುಟ್ಟದು, ಹಾಗಾಗಿ ಬಾನೆಟ್ ತಗ್ಗಾಗಿಯೇ ಇಡಬಹುದು, ಕೂಪೆಗೆ ಅದೇ ಅಂದ ಅಲ್ವಾ?

ವಾರವೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬ್ಯಾಟರಿ ಸಾಕು. ಶನಿವಾರ ಸಕಲೇಶಪುರದ ಕಡೆ ಹೊರಟರೆ ಚಾರ್ಜರ್ ಮುಂದೆ ಸುಮ್ನೆ ಕಾಯಬೇಕಿಲ್ಲ, ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್ ಇವೆ. ಆಯಿಲ್ ಬದಲಿಸುವ ಖರ್ಚು ಇದ್ದೇ ಇದೆ, ಹಗುರವಾದ ಕಾರಿಗೆ ನಾನು ಅದನ್ನು ಖುಷಿಯಿಂದ ಕೊಡುತ್ತೇನೆ.